ಕುಂಡದ ಮರ, ಹೊಲದ ನೆಲ

ಕುಬ್ಜವೃಕ್ಷಗಳನ್ನು ಸಾಕಬೇಕೆಂಬ ಅಭಿಲಾಷೆಯುಳ್ಳವನ ಎದುರಿಗೆ ಮೊಟ್ಟಮೊದಲು ಬಂದು ನಿಲ್ಲುವ ಪ್ರಶ್ನೆ ಒಂದೇ: ಪೆನ್ಸಿಲಿನ ಗಾತ್ರದ ಎಳೆಯ ಸಸಿಯೊಂದನ್ನು ತಂದು ಅದನ್ನು ತನ್ನ ಕೈಯಿಂದಲೇ ಮರವನ್ನಾಗಿ ರೂಪಿಸುವುದೋ, ಅಥವಾ ಬೇರೊಬ್ಬರ ಆರೈಕೆಯಲ್ಲಿ ಹತ್ತಿಪ್ಪತ್ತು ವರ್ಷ ಪಳಗಿ, ಬುಡ, ಕಾಂಡ, ಕೊಂಬೆಗಳೆಲ್ಲ ಒಂದು ಹದಕ್ಕೆ ಬಂದಿರುವ ಮರವನ್ನು ಬೆಲೆ ತೆತ್ತು ಮನೆಗೆ ತರುವುದೋ. ಬೋನ್ಸಾಯ್ ಎಂಬ ಹೆಸರಿನಿಂದ ಜಗತ್ತಿನಾದ್ಯಂತ ಪರಿಚಿತವಾದ ಈ ಕಲೆಯಲ್ಲಿ ಆಸಕ್ತರಾದವರು ನಾಲ್ವರು ಎಲ್ಲಿ ಕಲೆತರೂ ಈ ಚರ್ಚೆ ಏಳದೆ ಇರುವುದಿಲ್ಲ. ಬೆಂಗಳೂರಿನಂತಹ ನಗರದಲ್ಲಿ ಮಾಳಿಗೆಯ ಮೇಲಿನ ಹತ್ತಡಿ ಜಾಗವೂ ಕೊಳ್ಳುವವನ ಕೈಯಲ್ಲಿರುವ ಹಣವೂ ಕೂಡಿ ಉತ್ತರವನ್ನು ತಾವೇ ನಿರ್ಧರಿಸಿಬಿಡುವುವು. ಆದರೆ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ, ಒಂದೆರಡು ಎಕರೆ ಹೊಲವೂ ಹೊಲಕ್ಕೊಂದು ಬದುವೂ ಮನೆಯ ಹಿಂದೊಂದು ಹಿತ್ತಿಲೂ ಉಳ್ಳ ಸಂಸಾರಗಳೇ ಹೆಚ್ಚಾಗಿರುವ ಈ ಪ್ರದೇಶದಲ್ಲಿ, ಅದೇ ಪ್ರಶ್ನೆಗೆ ಬೇರೆಯೇ ಒಂದು ಮುಖವುಂಟು. ಆ ಮುಖವನ್ನು ನಮ್ಮವರು ಸಾಕಷ್ಟು ನಿಟ್ಟಿಸಿ ನೋಡಿಲ್ಲವೆಂಬುದೇ ಈ ಲೇಖನಕ್ಕೆ ಪ್ರೇರಣೆ.

ಕುಂಡದೊಳಗಿನ ಒಂದು ಮರ ಮರದಂತೆ ಕಾಣಬೇಕಾದರೆ ಅದರಲ್ಲಿ ನಾಲ್ಕು ಅಂಗಗಳು ಸಿದ್ಧವಾಗಿರಬೇಕು: ಬುಡದಿಂದ ಸುತ್ತಲೂ ಹರಡಿ ಮಣ್ಣನ್ನು ಹಿಡಿದುಕೊಂಡಿರುವ ಹಾಸುಬೇರುಗಳು, ಕೆಳಗೆ ದಪ್ಪವಾಗಿದ್ದು ಮೇಲಕ್ಕೆ ಹೋದಂತೆ ಸಣ್ಣಗಾಗುವ ಕಾಂಡ, ಆ ಕಾಂಡದಿಂದ ಹಂತಹಂತವಾಗಿ ಕವಲೊಡೆದ ಮುಖ್ಯ ಕೊಂಬೆಗಳು, ಕೊನೆಗೆ ಆ ಕೊಂಬೆಗಳ ತುದಿಯಲ್ಲಿ ಮತ್ತೆ ಮತ್ತೆ ಸೀಳಿ ನವಿರಾದ ಕಡ್ಡಿಗಳೂ ಅವುಗಳಲ್ಲಿ ಕಿರಿದಾದ ಎಲೆಗಳೂ. ಈ ನಾಲ್ಕಕ್ಕೂ ಒಂದು ಕಾಲಕ್ರಮವಿದೆ, ಆ ಕ್ರಮವನ್ನು ಹಿಂದುಮುಂದು ಮಾಡಲಾಗದು. ಬೇರು ಒಳ್ಳೆಯದೋ ಕೆಟ್ಟದ್ದೋ ಎಂಬುದು ಮೊದಲಿನ ಎರಡು ಮೂರು ವರ್ಷಗಳಲ್ಲಿಯೇ ಹೆಚ್ಚುಕಡಮೆ ನಿಶ್ಚಯವಾಗುವುದು. ಕಾಂಡ ದಪ್ಪವಾಗುವುದಕ್ಕೆ ಸಾಮಾನ್ಯವಾಗಿ ಐದರಿಂದ ಹದಿನೈದು ವರ್ಷ ಹಿಡಿಯುವುದು. ಕೊಂಬೆಗಳಿಗೆ ಆಮೇಲಿನ ನಾಲ್ಕೈದು ವರ್ಷ. ಕಡ್ಡಿಗಳ ಸೂಕ್ಷ್ಮವಾದ ಹೆಣಿಗೆಗೆ ಮಾತ್ರ ಕೊನೆಯೆಂಬುದೇ ಇಲ್ಲ, ಅದು ಮರ ಬದುಕಿರುವಷ್ಟು ಕಾಲವೂ ನಡೆಯುವ ಕೆಲಸ. ಆದುದರಿಂದ ಎಳೆಯದೋ ಬೆಳೆದದ್ದೋ ಎಂದು ಕೇಳುವವನು ವಾಸ್ತವವಾಗಿ ಕೇಳುತ್ತಿರುವುದು, ಈ ದೀರ್ಘವಾದ ಆಯುಷ್ಯದ ಯಾವ ಭಾಗವನ್ನು ನಾನು ನನ್ನ ಕೈಯಿಂದ ಮಾಡಲಿ, ಯಾವ ಭಾಗವನ್ನು ಇನ್ನೊಬ್ಬರು ಮಾಡಿಟ್ಟದ್ದರಿಂದ ಪಡೆಯಲಿ ಎಂಬುದನ್ನೇ.

ಇಲ್ಲಿ ಹೊಸಬರಿಗೆ ಸಾಮಾನ್ಯವಾಗಿ ತಿಳಿಯದೆ ಹೋಗುವ ಒಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕುಂಡದಲ್ಲಿಟ್ಟ ಮರದ ಕಾಂಡ ದಪ್ಪವಾಗುವುದಿಲ್ಲ. ಎಂದರೆ, ಆಗುವುದಾದರೂ ಅಷ್ಟು ನಿಧಾನವಾಗಿ ಆಗುವುದೆಂದರೆ, ಹೆಬ್ಬೆರಳಿನಷ್ಟಿದ್ದ ಬುಡ ಹತ್ತು ವರ್ಷದ ಮೇಲೆಯೂ ಹೆಬ್ಬೆರಳನ್ನೇ ನೆನಪಿಗೆ ತರುವುದು. ಕಾಂಡಕ್ಕೆ ಮಾಂಸ ತುಂಬುವುದು ಬೇರುಗಳ ಸ್ವಚ್ಛಂದವಾದ ಓಟದಿಂದ, ಕೊಂಬೆಗಳ ಅಂಕೆಯಿಲ್ಲದ ಬೆಳವಣಿಗೆಯಿಂದ. ಕುಂಡವಾದರೋ ಬೇರಿಗೆ ಗೋಡೆ ಕಟ್ಟುವುದು, ಕತ್ತರಿ ಕೊಂಬೆಗೆ ಗೋಡೆ ಕಟ್ಟುವುದು. ಒಂದು ಅಡಿ ಎತ್ತರದ ಕುಬ್ಜವೃಕ್ಷ ಗಂಭೀರವಾಗಿ ಕಾಣಬೇಕಾದರೆ ಅದರ ಬುಡದ ಅಗಲ ಸುಮಾರು ಎರಡು ಅಂಗುಲವಾದರೂ ಇರಬೇಕೆಂದು, ಅಂದರೆ ಎತ್ತರದ ಆರನೆಯ ಒಂದು ಪಾಲಿರಬೇಕೆಂದು, ಈ ಕಲೆಯನ್ನು ಬಲ್ಲವರು ಒಂದು ಅಂದಾಜು ಇಟ್ಟುಕೊಂಡಿದ್ದಾರೆ. ಎಳೆಯ ಸಸಿಯನ್ನು ತಂದ ದಿನವೇ ಅಂದವಾದ ತಟ್ಟೆಕುಂಡದಲ್ಲಿ ನೆಟ್ಟು, ಅದು ಒಂದು ದಿನ ಆ ಎರಡು ಅಂಗುಲವನ್ನು ಮುಟ್ಟುವುದೆಂದು ಕಾಯುವವನು ತನ್ನ ಆಯುಷ್ಯದ ಬಹುಪಾಲನ್ನು ವ್ಯರ್ಥವಾಗಿ ಕಾಯುವನು. ನಮ್ಮ ಊರುಗಳಲ್ಲಿ ಎಳೆಯ ಸಸಿಯಿಂದ ಪ್ರಾರಂಭಿಸಿ ನಿರಾಶರಾಗಿ ಕೈಬಿಟ್ಟವರ ಸಂಖ್ಯೆ ದೊಡ್ಡದಿರುವುದಕ್ಕೆ ಕಾರಣ ಸಸಿಯ ಎಳೆತನವಲ್ಲ, ಆ ತಟ್ಟೆಕುಂಡದ ಅವಸರ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಮಕ್ಕಳ ವಿಚಾರದಲ್ಲಿ ಬಳಸಿ ಬಳಸಿ ಅದರ ಮೂಲಾರ್ಥವನ್ನು ಮರೆತಿದ್ದೇವೆ. ಈ ಕಲೆಯಲ್ಲಿ ಅದು ಅಕ್ಷರಶಃ ಸತ್ಯ. ಹುಣಸೆಯ ಸಸಿ ಕಡ್ಡಿಯಷ್ಟಿರುವಾಗ ಅದಕ್ಕೆ ಅಲ್ಯೂಮಿನಿಯಂ ತಂತಿ ಸುತ್ತಿ ಎತ್ತ ಬೇಕಾದರೂ ತಿರುಗಿಸಬಹುದು. ಅದೇ ಹುಣಸೆ ಕಿರುಬೆರಳನ್ನು ಮೀರಿತೆಂದರೆ ಅದರ ಕಗ್ಗಟ್ಟಿಯಾದ ಮರ ಯಾರ ಮಾತನ್ನೂ ಕೇಳದು. ಬೇರಿನ ವಿಷಯದಲ್ಲಂತೂ ಎಳೆಯ ಸಸಿಗೆ ಸರಿಸಮಾನವಾದುದು ಬೇರೊಂದಿಲ್ಲ. ಬೀಜ ಮೊಳೆತು ನಾಲ್ಕಾರು ಎಲೆ ಬಿಟ್ಟ ಕೂಡಲೇ ತಾಯಿಬೇರನ್ನು ಚಿವುಟಿ, ಉಳಿದ ಬೇರುಗಳನ್ನು ಒಂದು ಹಳೆಯ ಹೆಂಚಿನ ತುಂಡಿನ ಮೇಲೆ ಸುತ್ತಲೂ ಹರಡಿ, ಮೇಲೆ ಎರಡು ಬೆರಳು ಮಣ್ಣು ಮುಚ್ಚಿ ನೆಟ್ಟರೆ, ಕೆಳಕ್ಕಿಳಿಯಲು ದಾರಿ ಕಾಣದ ಬೇರು ಅಡ್ಡಡ್ಡಲಾಗಿಯೇ ಹರಿದು, ಮೂರು ನಾಲ್ಕು ವರ್ಷದಲ್ಲಿ ಎಷ್ಟು ಹಣ ಕೊಟ್ಟರೂ ಪೇಟೆಯಲ್ಲಿ ದೊರೆಯದಂತಹ ಬುಡವನ್ನು ಕಟ್ಟಿಕೊಡುವುದು. ಬೆಳೆದ ಮರದಲ್ಲಿ ಒಂದು ಪಕ್ಕಕ್ಕೆ ಬೇರೇ ಇಲ್ಲದಿದ್ದರೆ, ಅಥವಾ ಒಂದು ಬೇರು ಇನ್ನೊಂದರ ಮೇಲೆ ಹತ್ತಿ ಕಾಂಡವನ್ನು ಬಿಗಿದಿದ್ದರೆ, ಅದನ್ನು ತಿದ್ದುವ ಕೆಲಸ ಬಹಳ ವರ್ಷಗಳದು, ಕೆಲವು ಸಲ ಅಸಾಧ್ಯವೂ ಹೌದು.

ಆದರೆ ಎಳೆಯ ಸಸಿಯೆಂದು ಪೇಟೆಯಲ್ಲಿ ಸಿಕ್ಕುವುದೆಲ್ಲ ಈ ಹೆಗ್ಗಳಿಕೆಗೆ ಪಾತ್ರವಲ್ಲ. ಬೆಂಗಳೂರು ಮೈಸೂರು ಹೆದ್ದಾರಿಯ ಪಕ್ಕದ ಯಾವುದೇ ನರ್ಸರಿಯಿಂದ ಕಪ್ಪು ಪಾಲಿಥಿನ್ ಚೀಲದಲ್ಲಿ ಬೆಳೆದ ಎರಡು ಮೂರು ವರ್ಷದ ಫೈಕಸ್ ಗಿಡವೊಂದನ್ನು ತಂದು, ಚೀಲವನ್ನು ಬ್ಲೇಡಿನಿಂದ ಸೀಳಿ, ಬಕೀಟಿನ ನೀರಿನಲ್ಲಿ ಅದರ ಕೆಮ್ಮಣ್ಣನ್ನು ತೊಳೆದು ನೋಡಬೇಕು. ಮೇಲೆ ಹಸಿರಾಗಿ ನಳನಳಿಸುತ್ತಿರುವ ಆ ಗಿಡದ ಬೇರುಗಳು ಚೀಲದ ಗೋಡೆಗೆ ತಗುಲಿ, ತಿರುಗಿ, ಮತ್ತೆ ತಿರುಗಿ, ತಳದಲ್ಲಿ ಒಂದು ಸುರುಳಿಯಾಗಿ ಕುಳಿತಿರುವುವು. ಇನ್ನೂ ಬಿಡಿಸುತ್ತ ಹೋದರೆ ಆ ಸುರುಳಿಯ ಒಳಗೆ, ಮೊದಲು ಬಿತ್ತಿದ ಪುಟ್ಟ ಚೀಲದ ಆಕಾರವನ್ನೇ ಉಳಿಸಿಕೊಂಡು ಗಟ್ಟಿಯಾದ ಇನ್ನೊಂದು ಸುರುಳಿ, ಅದರೊಳಗೆ ಕಾಂಡಕ್ಕೆ ಉರುಳಿನಂತೆ ಬಿದ್ದ ಒಂದು ಬೇರು. ಇದು ನರ್ಸರಿಯವನ ತಪ್ಪಲ್ಲ. ಅವನು ತೋಟದಲ್ಲಿ ನೆಡುವವರಿಗಾಗಿ ಬೆಳೆಸುತ್ತಾನೆ, ಅವರಿಗೆ ಬೇಕಾದುದು ಎತ್ತರವೂ ಹಸಿರೂ ಮಾತ್ರ. ಆದುದರಿಂದ ಎಳೆಯದನ್ನೇ ಆರಿಸುವವನು ಸಾಧ್ಯವಾದಷ್ಟೂ ಎಳೆಯದನ್ನು, ಚೀಲದ ಸಹವಾಸವನ್ನೇ ಕಾಣದ ಬೀಜದ ಮೊಳಕೆಯನ್ನೋ ತಾನೇ ಊರಿದ ಕಡ್ಡಿಯನ್ನೋ ಆರಿಸುವುದು ಲೇಸು. ಎರಡು ಮೂರು ವರ್ಷದ ಚೀಲದ ಗಿಡದಲ್ಲಿ ಎಳೆತನದ ಗುಣವೂ ಇಲ್ಲ, ಪ್ರೌಢತೆಯ ಗುಣವೂ ಇಲ್ಲ.

ಇನ್ನು ಬೆಳೆದ ಮರದ ಪಕ್ಷ. ಮೈಸೂರಿನಲ್ಲಿ ಊಟಿ ರಸ್ತೆಯ ಶ್ರೀ ಗಣಪತಿ ಸಚ್ಚಿದಾನಂದ ಆಶ್ರಮದ ಆವರಣದಲ್ಲಿರುವ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನು ಒಮ್ಮೆ ಸಾವಧಾನವಾಗಿ ಸುತ್ತಿ ಬಂದವನಿಗೆ ಆ ಪಕ್ಷದ ವಾದವನ್ನು ಬೇರೆಯವರು ಬಾಯಿಮಾತಿನಲ್ಲಿ ಹೇಳಬೇಕಾಗಿಲ್ಲ. ನೂರಾರು ಕುಬ್ಜವೃಕ್ಷಗಳು ಸಾಲುಸಾಲಾಗಿ ನಿಂತಿರುವ ಆ ತೋಟದಲ್ಲಿ, ನಮ್ಮ ಊರಿನ ಕಟ್ಟೆಯ ಮೇಲೆ ದಿನವೂ ಕಾಣುವ ಆಲ ಅರಳಿಗಳು ಎರಡಡಿ ಎತ್ತರದಲ್ಲಿ ತಮ್ಮ ಸಮಸ್ತ ಲಕ್ಷಣಗಳನ್ನೂ ಹೊತ್ತು ನಿಂತಿರುವುದನ್ನು ಕಂಡಾಗ, ಕಾಲವೆಂಬುದು ಕಾಂಡದ ಮೇಲೆ ಏನನ್ನು ಬರೆಯಬಲ್ಲುದು ಎಂಬುದು ಕಣ್ಣಿಗೆ ಕಟ್ಟುವುದು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳಲ್ಲಿ ಬೋನ್ಸಾಯ್ ಮೇಜುಗಳ ಮುಂದೆ ಜನ ನಿಲ್ಲುವುದೂ ಇದಕ್ಕಾಗಿಯೇ. ಬೆಳೆದ ಮರವೊಂದನ್ನು ಮನೆಯಲ್ಲಿಟ್ಟುಕೊಂಡವನಿಗೆ ಗುರುವೊಬ್ಬ ಮನೆಯಲ್ಲಿಯೇ ವಾಸಮಾಡಿದಷ್ಟು ಪ್ರಯೋಜನ: ಕೊಂಬೆ ಎಲ್ಲಿಂದ ಹೊರಡಬೇಕು, ಎರಡು ಕೊಂಬೆಗಳ ನಡುವೆ ಎಷ್ಟು ಬಯಲು ಬಿಡಬೇಕು, ಯಾವ ಚಿಗುರನ್ನು ಎಷ್ಟನೆಯ ಎಲೆಗೆ ಚಿವುಟಬೇಕು ಎಂಬುದನ್ನು ಅವನು ಪುಸ್ತಕದ ಚಿತ್ರದಿಂದಲ್ಲ, ಪ್ರತ್ಯಕ್ಷದಿಂದ ಕಲಿಯುವನು. ಎಳೆಯ ಸಸಿ ಮಾತ್ರವೇ ಇದ್ದವನಿಗೆ ತಾನು ಎತ್ತ ಸಾಗುತ್ತಿದ್ದೇನೆಂಬ ಕಲ್ಪನೆಯೇ ಮೂಡದೆ ಹಲವು ವರ್ಷ ಕಳೆದುಹೋಗಬಹುದು.

ಬೆಳೆದ ಮರವನ್ನು ಪಡೆಯುವುದರಲ್ಲಿ ಒಂದು ಗೌರವವೂ ಇದೆ, ಅದನ್ನು ಹಣದ ಮಾತಿಗೆ ಇಳಿಸಿಬಿಡುವುದು ಅನ್ಯಾಯ. ಜಪಾನಿನ ಯಮಾಕಿ ಮನೆತನದವರು ತಲೆಮಾರುಗಳ ಕಾಲ ಸಾಕಿದ ಬಿಳಿ ಪೈನ್ ಮರವೊಂದು 1625ರಿಂದ ಕುಂಡದಲ್ಲಿ ಪಳಗುತ್ತ ಬಂದದ್ದು. 1945ರಲ್ಲಿ ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದಾಗ ಎರಡು ಮೈಲಿಯಷ್ಟು ದೂರದಲ್ಲಿದ್ದ ಮನೆಯ ಗೋಡೆಯ ಮರೆಯಲ್ಲಿ ಉಳಿದುಕೊಂಡು, 1976ರಲ್ಲಿ ಅಮೆರಿಕದ ರಾಷ್ಟ್ರೀಯ ಸಸ್ಯೋದ್ಯಾನಕ್ಕೆ ಕಾಣಿಕೆಯಾಗಿ ಹೋಯಿತು. ಅದನ್ನು ಈಗ ನೀರೆರೆದು ಕಾಯುತ್ತಿರುವವರಲ್ಲಿ ಯಾರೂ ಅದನ್ನು ಮಾಡಿದವರಲ್ಲ. ಆದರೂ ಅವರ ಕೆಲಸ ಮಾಡಿದವನ ಕೆಲಸಕ್ಕಿಂತ ಕಡಮೆಯದೆಂದು ಹೇಳುವ ಧೈರ್ಯ ನನಗಿಲ್ಲ. ಮಾಡುವುದು ಒಂದು ವಿದ್ಯೆ, ಕಾಪಾಡುವುದು ಇನ್ನೊಂದು ವಿದ್ಯೆ.

ಈ ಎರಡನೆಯ ವಿದ್ಯೆಯೇ ಬೆಳೆದ ಮರ ಮೊದಲ ದಿನದಿಂದಲೇ ಕೇಳುವ ಶುಲ್ಕ. ಎರಡು ಅಂಗುಲ ಆಳದ ತಟ್ಟೆಯಲ್ಲಿ ನಿಂತ ಮರಕ್ಕೆ ಬೇಸಗೆಯಲ್ಲಿ ದಿನಕ್ಕೆರಡು ಬಾರಿ ನೀರು ಬೇಕು. ಮೇಲುಕೋಟೆಯ ವೈರಮುಡಿ ಉತ್ಸವ ಬರುವುದು ಸರಿಯಾಗಿ ಬಿಸಿಲೇರುವ ಕಾಲದಲ್ಲಿ. ಮನೆಯವರೆಲ್ಲ ಮನೆಗೆ ಬೀಗ ಹಾಕಿ ಮೂರು ದಿನ ಬೆಟ್ಟದ ಮೇಲೆ ಉಳಿದರೆ, ಇಪ್ಪತ್ತು ವರ್ಷದ ಮರ ಆ ಮೂರು ದಿನದಲ್ಲಿ ಒಣಗಿಹೋಗಬಲ್ಲುದು, ನೆಲದಲ್ಲಿರುವ ಸಸಿಯಾದರೋ ಏನೂ ಆಗದಂತೆ ಕಾದಿರುವುದು. ಕೊಳ್ಳುವಾಗಲೂ ಕಣ್ಣು ಚುರುಕಾಗಿರಬೇಕು. ಕಾಂಡವನ್ನು ಮೆಲ್ಲನೆ ಅಲುಗಿಸಿ ಬೇರು ಮಣ್ಣನ್ನು ಹಿಡಿದಿದೆಯೇ ಎಂದು ನೋಡಬೇಕು. ತೊಗಟೆಯೊಳಕ್ಕೆ ತಂತಿ ಕೊರೆದ ಗಾಯದ ಗುರುತುಗಳಿವೆಯೇ ಎಂದು ಹಿಂಬದಿಯಲ್ಲಿ ಹುಡುಕಬೇಕು. ಪಾಚಿಯ ಹಸಿರು ಹೊದಿಕೆಯನ್ನು ಸರಿಸಿ ಬುಡವನ್ನು ಕಾಣಬೇಕು. ಜಿನ್ಸೆಂಗ್ ಎಂಬ ಹೆಸರಿನಲ್ಲಿ ಈಗ ಎಲ್ಲೆಡೆ ಮಾರಾಟವಾಗುವ ಉಬ್ಬಿದ ಬೇರಿನ ಫೈಕಸ್ ಹಲವರಿಗೆ ಬೆಳೆದ ಮರವೆಂದು ತೋರುವುದು; ಅದು ಬೀಜದಿಂದ ಬೆಳೆಸಿ, ಗೆಡ್ಡೆಯಂತೆ ಊದಿದ ಬೇರನ್ನು ಮಣ್ಣಿನ ಮೇಲಕ್ಕೆತ್ತಿ, ತಲೆಯ ಮೇಲೆ ಸಣ್ಣ ಎಲೆಯ ಜಾತಿಯನ್ನು ಕಸಿಮಾಡಿದ ಸಸ್ಯ. ಮನೆಯೊಳಗಿನ ಅಲಂಕಾರಕ್ಕೆ ಅದು ಸಲ್ಲಬಹುದು. ಪ್ರೌಢವೃಕ್ಷವೊಂದರ ಬೆಲೆಯನ್ನು ಅದಕ್ಕೆ ಕೊಡಬೇಕಾದುದಿಲ್ಲ.

ಎಳೆಯದು, ಬೆಳೆದದ್ದು ಎಂಬ ಈ ಎರಡರ ನಡುವೆ ಮೂರನೆಯದೊಂದು ಬಹಳ ಹಿಂದಿನಿಂದ ಇದೆ: ಯಾರೂ ಬೆಳೆಸದೆ ತಾನಾಗಿ ಬೆಳೆದು, ಗಾಳಿಯಿಂದಲೋ ಬಂಡೆಯಿಂದಲೋ ದನಕರುಗಳಿಂದಲೋ ಕುಳ್ಳಾದ ಮರವನ್ನು ಅಗೆದು ತರುವುದು. ಜಪಾನಿನ ಅತ್ಯಂತ ಪ್ರಸಿದ್ಧವಾದ ಮರಗಳಲ್ಲಿ ಎಷ್ಟೋ ಇಂತಹ ಬೆಟ್ಟದ ಮರಗಳೇ. ನಮ್ಮಲ್ಲಿ ಇದಕ್ಕೆ ದೂರ ಹೋಗಬೇಕಾದುದಿಲ್ಲ. 1799ರ ಮುತ್ತಿಗೆಯಲ್ಲಿ ಬಿರಿದ ಶ್ರೀರಂಗಪಟ್ಟಣದ ಕೋಟೆಯ ಗೋಡೆಗಳ ಉದ್ದಕ್ಕೂ, ಹಳೆಯ ಬಾವಿಗಳ ಕಟ್ಟಡದಲ್ಲಿ, ಬಿದ್ದ ತೊಟ್ಟಿಮನೆಗಳ ಮೋಟುಗೋಡೆಗಳಲ್ಲಿ, ಹಕ್ಕಿಗಳು ಉದುರಿಸಿದ ಬೀಜದಿಂದ ಮೊಳೆತ ಅರಳಿ, ಬಸರಿ, ಅತ್ತಿಗಳಿಗೆ ಲೆಕ್ಕವೇ ಇಲ್ಲ. ಕಲ್ಲಿನ ಸಂದಿಯಲ್ಲಿ ಬೆಳೆದ ಅರಳಿಯೊಂದನ್ನು ಹತ್ತಿರದಿಂದ ನೋಡಿದರೆ ಅದರ ಬೇರು ಸಂದಿಯ ಅಗಲಕ್ಕೆ ತಕ್ಕಂತೆ ಚಪ್ಪಟೆಯಾಗಿ, ಕಲ್ಲಿನ ಮೂಲೆ ಬಂದಲ್ಲಿ ಮಡಿಸಿಕೊಂಡು, ಮತ್ತೊಂದು ಸಂದಿಯ ತೇವವನ್ನು ಹುಡುಕಿ ಒಂದು ಮಾರಿನಷ್ಟು ದೂರ ಹೋಗಿರುವುದು ಕಾಣುವುದು. ಮೇಲಿರುವ ಕಾಂಡ ಮಾತ್ರ ಮೊಣಕಾಲೆತ್ತರ. ಇಂತಹುದನ್ನು ಕಂಡ ಯಾವ ಆಸಕ್ತನ ಕೈಯಾದರೂ ತುಡಿಯದಿರಲಾರದು.

ತುಡಿದರೂ ತಡೆದುಕೊಳ್ಳಬೇಕು. ಕೋಟೆಯೂ ದರಿಯಾ ದೌಲತ್ತೂ ಗುಂಬಜ್ಜೂ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. 1958ರ ಕಾನೂನಿನ ಪ್ರಕಾರ ಅವುಗಳಿಗೆ ಹಾನಿ ಮಾಡುವುದು ಅಪರಾಧ. ಆ ಅರಳಿಗಳು ಗೋಡೆಯನ್ನು ಸೀಳುತ್ತಿರುವುವೆಂಬುದು ನಿಜ, ಅವನ್ನು ತೆಗೆಯಬೇಕಾದುದೂ ನಿಜ. ಆದರೆ ತೆಗೆಯುವ ಕ್ರಮವನ್ನು ಬಲ್ಲವರು ಬೇರೆ. ಹಾರೆ ಹಾಕಿ ಒಂದು ಬೇರನ್ನು ಎಬ್ಬಿಸುವವನು ಅದರೊಡನೆ ನಾಲ್ಕು ಕಲ್ಲುಗಳ ಗಾರೆಯನ್ನೂ ಎಬ್ಬಿಸುವನು. ಅದೇ ರೀತಿ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಸುತ್ತಣ ಗುಡ್ಡಗಳು, ತೋಳಗಳ ರಕ್ಷಣೆಗಾಗಿ 1974ರಲ್ಲಿ ಘೋಷಿತವಾದ ವನ್ಯಜೀವಿಧಾಮ. ಸೈಕಾಸ್ ಎಂಬ ಅತಿ ಪ್ರಾಚೀನವಾದ ಸಸ್ಯಕುಲವೂ ಅಲ್ಲಿ ಬದುಕಿದೆ. ನಾಗಮಂಗಲ ತಾಲ್ಲೂಕಿನಲ್ಲಿ ಆದಿಚುಂಚನಗಿರಿಯ ಬೆಟ್ಟ ನವಿಲುಧಾಮ. ಈ ಎರಡೂ ಕಡೆಗಳಿಂದ ಒಂದು ಗಿಡವನ್ನೂ ಕೀಳಬಾರದು. ಕಿತ್ತವರಿಂದ ಕೊಳ್ಳಲೂ ಬಾರದು. ಬೆಟ್ಟದಿಂದ ಅಗೆದು ತಂದ ಮರಗಳಲ್ಲಿ ಎಷ್ಟು ಮೊದಲ ಬೇಸಗೆಯನ್ನು ದಾಟುವುದಿಲ್ಲವೆಂಬುದನ್ನು ಬಲ್ಲವರು ಹೇಳಿಕೊಳ್ಳುವುದು ಕಡಮೆ. ಬಂಡೆಯ ಬಿರುಕಿನಲ್ಲಿ ಐವತ್ತು ವರ್ಷ ಬದುಕಿದ್ದನ್ನು ನಮ್ಮ ಜಗುಲಿಯಲ್ಲಿ ಐದು ತಿಂಗಳಲ್ಲಿ ಕೊಲ್ಲುವುದು ಕಲೆಯಲ್ಲ.

ನ್ಯಾಯವಾಗಿ ಸಿಕ್ಕುವ ಮರಗಳೂ ಇವೆ. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವವರು ಗೋಡೆಯ ಅರಳಿಯನ್ನು ಹೇಗೂ ಕೀಳಬೇಕು. ಅವರನ್ನು ಕೇಳಿಕೊಂಡು ಗೋಡೆ ಬೀಳುವ ದಿನ ಹೋಗಿ ನಿಂತರೆ ಬೇರುಸಹಿತವಾಗಿ ದೊರೆಯುವುದು. ನಾಗಮಂಗಲದ ಒಣಭೂಮಿಯ ಬದುಗಳಲ್ಲಿ ಆಡುಗಳು ಮೇಯುತ್ತ ಬಂದ ಎಲಚಿ, ಕಾರೆ, ಕವಳೆಯ ಗಿಡಗಳನ್ನು ಗಮನಿಸಬೇಕು. ಆಡು ಮುಟ್ಟದ ಸೊಪ್ಪಿಲ್ಲವಷ್ಟೆ. ವರ್ಷಕ್ಕೆ ಹತ್ತಾರು ಸಲ ಚಿಗುರು ಕಳೆದುಕೊಂಡ ಎಲಚಿ ಅಡಿಯೆತ್ತರವನ್ನು ಮೀರಲಾರದೆ, ಆದರೆ ಬೇರು ನೆಲದಲ್ಲಿ ಸ್ವತಂತ್ರವಾಗಿರುವ ಕಾರಣ ಬುಡದಲ್ಲಿ ಮುಂಗೈ ದಪ್ಪವಾಗಿ, ಮೈಯೆಲ್ಲ ಗಂಟುಗಂಟಾಗಿ, ಯಾವ ಕತ್ತರಿಯೂ ಕೊಡಲಾಗದ ಕವಲುಗಳನ್ನು ಪಡೆದಿರುವುದು. ಬದು ಸವರುವಾಗ ರೈತ ಮಚ್ಚಿನಿಂದ ಕಡಿದು ಬೆಂಕಿಗೆ ಹಾಕುವುದು ಇಂತಹುದನ್ನೇ. ಅವನ ಒಪ್ಪಿಗೆಯಿಂದ, ಮುಂಗಾರು ಹಿಡಿದ ಮೇಲೆ, ಸುತ್ತ ಒಂದು ಗೇಣು ಬಿಟ್ಟು ಅಗೆದು ತಂದರೆ ಅದು ಬದುಕುವ ಸಂಭವ ಚೆನ್ನಾಗಿರುವುದು.

ಅರಳಿಯ ವಿಷಯದಲ್ಲಿ ನಮ್ಮ ಜನಕ್ಕೆ ಇರುವ ಅಳುಕನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಅಶ್ವತ್ಥಕಟ್ಟೆಯಲ್ಲಿ ಬೇವಿನೊಡನೆ ಮದುವೆ ಮಾಡಿಸಿ, ನಾಗರಕಲ್ಲನ್ನಿಟ್ಟು ಪ್ರದಕ್ಷಿಣೆ ಮಾಡುವ ಮರವನ್ನು ಕತ್ತರಿಸಿ ತಟ್ಟೆಯಲ್ಲಿಡಲು ಕೈ ಬಾರದ ತಾಯಂದಿರು ಇದ್ದರೆ, ಆ ಮನೆಯಲ್ಲಿ ಹುಣಸೆಯನ್ನೋ ಸೀಮೆಹುಣಸೆಯನ್ನೋ ಬೆಳೆಸಬಹುದು. ಕಲೆಗೆ ಅದರಿಂದ ನಷ್ಟವೇನೂ ಇಲ್ಲ. ಮನೆಯವರ ಮನಸ್ಸಿಗೆ ಹಿಡಿಸದ ಮರಕ್ಕೆ ಮನೆಯವರ ಕೈಯಿಂದ ನೀರು ಬೀಳುವುದೂ ಅನುಮಾನವೇ.

ಇಷ್ಟನ್ನೂ ತೂಗಿ ನೋಡಿದ ಮೇಲೆ ನನ್ನ ಅಭಿಪ್ರಾಯವನ್ನು ಹೇಳಬೇಕಾದರೆ, ನಗರದವನು ಬೆಳೆದ ಮರವನ್ನು ಕೊಳ್ಳುವುದೇ ಯುಕ್ತ, ಏಕೆಂದರೆ ಅವನಿಗೆ ಕಾಂಡವನ್ನು ದಪ್ಪ ಮಾಡುವ ಸಾಧನವಿಲ್ಲ; ಈ ನಾಲ್ಕು ತಾಲ್ಲೂಕಿನವನು ಎಳೆಯದರಿಂದಲೇ ಪ್ರಾರಂಭಿಸುವುದು ಯುಕ್ತ, ಏಕೆಂದರೆ ಅವನಿಗೆ ಆ ಸಾಧನವಿದೆ, ಅದು ನೆಲ. ಜಪಾನಿನ ಕಾಗಾವಾ ಪ್ರಾಂತದ ತಕಮಾತ್ಸು ನಗರಕ್ಕೆ ಸೇರಿದ ಕಿನಾಶಿ, ಕೊಕುಬುಂಜಿ ಎಂಬ ಊರುಗಳಲ್ಲಿ ಸುಮಾರು 200 ವರ್ಷಗಳಿಂದ ರೈತರು ಪೈನ್ ಸಸಿಗಳನ್ನು ತಮ್ಮ ಹೊಲಗಳಲ್ಲಿ ಸಾಲು ಹಿಡಿದು ನೆಟ್ಟು, ಕಾಂಡ ಬಲಿತ ಮೇಲೆ ಕಿತ್ತು ಕುಂಡಕ್ಕೆ ತರುತ್ತಾರೆ. ಆ ದೇಶದ ಪೈನ್ ಬೋನ್ಸಾಯ್‌ಗಳಲ್ಲಿ ನೂರಕ್ಕೆ ಸುಮಾರು 80 ಪಾಲು ಬರುವುದು ಅಲ್ಲಿಂದ. 1923ರ ಭೂಕಂಪದ ತರುವಾಯ ಟೋಕಿಯೊ ಬಿಟ್ಟು ಬಂದ ಕುಶಲಿಗಳು 1925ರಲ್ಲಿ ನೆಲೆಗೊಳಿಸಿದ ಒಮಿಯಾ ಗ್ರಾಮದ ಹೆಸರನ್ನು ಎಲ್ಲರೂ ಕೇಳಿರುವರು. ಕಿನಾಶಿಯ ಹೊಲಗಳ ಸುದ್ದಿ ನಮ್ಮ ರೈತರಿಗೆ ಅದಕ್ಕಿಂತ ಹೆಚ್ಚು ಉಪಯುಕ್ತ.

ನೆಲದಲ್ಲಿ ಬೆಳೆಸುವುದೆಂದರೆ ನೆಟ್ಟು ಮರೆಯುವುದಲ್ಲ. ಹೆಂಚಿನ ಮೇಲೆ ಬೇರು ಹರಡಿದ ಸಸಿಯನ್ನು ಬದುವಿನ ಒಳಪಕ್ಕದಲ್ಲಿ, ನಾಲೆಯ ನೀರು ನಿಲ್ಲದೆ ಹಾಯುವ ಎಡೆಯಲ್ಲಿ, ಒಂದೂವರೆ ಅಡಿಗೊಂದರಂತೆ ನೆಟ್ಟು, ಎರಡು ವರ್ಷ ಅದರ ತಲೆಯನ್ನು ಮುಟ್ಟದೆ ಬಿಡಬೇಕು. ಆಳೆತ್ತರ ಬೆಳೆದ ಮೇಲೆ, ಯಾವ ಕೊಂಬೆಯನ್ನು ಮುಂದಿನ ಕಾಂಡವನ್ನಾಗಿ ಮಾಡಬೇಕೆಂದಿರುವೆವೋ ಅದರ ಮೇಲ್ಗಡೆ ಓರೆಯಾಗಿ ಕೊಯ್ದುಹಾಕಬೇಕು. ಹೊಸ ತಲೆ ಹಳೆಯ ಮೋಟಿನ ಅರ್ಧಕ್ಕಿಂತ ದಪ್ಪವಾದಾಗ ಮತ್ತೆ ಕೊಯ್ಯಬೇಕು. ಹೀಗೆ ಮೂರು ನಾಲ್ಕು ಸಲ ಕೊಯ್ದಾಗ ಕಾಂಡಕ್ಕೆ ಕೆಳಗೆ ದಪ್ಪ, ಮೇಲೆ ಸಣ್ಣ ಎಂಬ ಕ್ರಮವೂ, ಸಹಜವಾದ ಡೊಂಕೂ ಬರುವುದು. ಕಾಂಡ ಬೇಗ ಬಲಿಯಲೆಂದು ಬುಡದಲ್ಲಿ ಒಂದು ಕೊಂಬೆಯನ್ನು ಮನಸ್ವೀ ಬೆಳೆಯಬಿಟ್ಟು ಕಡೆಗೆ ಕತ್ತರಿಸುವುದೂ ಉಂಟು. ಚೀನಾ ದೇಶದ ಗುವಾಂಗ್‌ಡಾಂಗ್ ಪ್ರಾಂತದ ಲಿಂಗ್ನಾನ್ ಪಂಥದವರು ತಂತಿಯನ್ನೇ ಹೆಚ್ಚಾಗಿ ನೆಚ್ಚದೆ ಬೆಳೆಸಿ ಕತ್ತರಿಸುವ ಈ ವಿಧಾನವನ್ನೇ ಒಂದು ಶಾಸ್ತ್ರವನ್ನಾಗಿ ಬೆಳೆಸಿದ್ದಾರೆ. ಬಿಸಿಲುನಾಡಿನ ಮರಗಳಿಗೆ ಅದು ಹೇಳಿ ಮಾಡಿಸಿದಂತಿದೆ. ಚಳಿನಾಡಿನ ಪೈನ್ ಮರವನ್ನು ಕುರಿತು ಬರೆದ ಪುಸ್ತಕಗಳನ್ನು ಓದಿ ಹುಣಸೆಯನ್ನು ಬೆಳೆಸಲು ಹೊರಟವರಿಗೆ ಈ ಮಾತನ್ನು ಒತ್ತಿ ಹೇಳಬೇಕು. ಫೈಕಸ್ ಜಾತಿಯ ಮರಕ್ಕೆ ಮೂರು ನಾಲ್ಕು ಮಳೆಗಾಲದಲ್ಲಿ ಮುಂಗೈ ಗಾತ್ರದ ಬುಡ ಬರುವುದು; ಹುಣಸೆಗೆ ಅದರ ಎರಡರಷ್ಟಾದರೂ ಕಾಲ ಬೇಕು.

ಅಷ್ಟು ಕಾಲವನ್ನೂ ಕಾಯಲಾರದವನಿಗೆ ಇನ್ನೊಂದು ಹಾದಿಯಿದೆ, ಅದು ನಮ್ಮ ತೋಟಗಾರರಿಗೆ ಹೊಸದಲ್ಲ: ಗೂಟಿ. ದೊಡ್ಡ ಮರದಲ್ಲಿ ಈಗಾಗಲೇ ಒಳ್ಳೆಯ ಡೊಂಕೂ ಕವಲೂ ಇರುವ ಮುಂಗೈ ದಪ್ಪದ ಕೊಂಬೆಯನ್ನು ಆರಿಸಿ, ಕೊಂಬೆಯ ದಪ್ಪಕ್ಕಿಂತ ತುಸು ಅಗಲವಾಗಿ ಸುತ್ತಲೂ ತೊಗಟೆ ಬಿಡಿಸಿ, ತೇವವಾದ ತೆಂಗಿನ ನಾರಿನ ಪುಡಿಯನ್ನಿಟ್ಟು ಪ್ಲಾಸ್ಟಿಕ್ಕಿನಿಂದ ಬಿಗಿದು ಕಟ್ಟಿದರೆ, ಮಳೆಗಾಲದಲ್ಲಿ ಬಸರಿಗೂ ಫೈಕಸ್ಸಿಗೂ ಒಂದೂವರೆ ತಿಂಗಳೊಳಗೆ ಸುತ್ತಲೂ ಸಮನಾಗಿ ಬೇರು ಹೊರಡುವುದು. ಬೇರಿನ ವಿಷಯದಲ್ಲಿ ಎಳೆಯ ಸಸಿಯ ಗುಣವೂ, ಕಾಂಡದ ವಿಷಯದಲ್ಲಿ ಬೆಳೆದ ಮರದ ಗುಣವೂ ಒಂದೆಡೆ ಕೂಡುವುದು ಇದೊಂದರಲ್ಲಿಯೇ. ಆದರೂ ನಮ್ಮವರು ಇದನ್ನು ದಾಳಿಂಬೆ ಸೀಬೆಗಳಿಗೆ ಮೀಸಲಾಗಿಟ್ಟಿರುವುದು ಆಶ್ಚರ್ಯ. ರಸ್ತೆಯಂಚಿನ ಬಸರಿ ಗೋಣಿಗಳ ಕೊಂಬೆಗಳನ್ನು ವಿದ್ಯುತ್ ತಂತಿಗೆ ತಗುಲುವುವೆಂದು ಪ್ರತಿವರ್ಷವೂ ಸವರಿ ಗುಡ್ಡೆಹಾಕುವರು. ಹಾಗೆ ಬಿದ್ದ ತೋಳುದಪ್ಪದ ಬಸರಿಯ ತುಂಡನ್ನು ನೆರಳಿನಲ್ಲಿ ಊರಿದರೆ ಚಿಗುರುವ ಸಂಭವವೇ ಹೆಚ್ಚು.

ತಾಲ್ಲೂಕು ತಾಲ್ಲೂಕಿಗೂ ಆಯ್ಕೆ ಬದಲಾಗತಕ್ಕದ್ದು. ಶ್ರೀರಂಗಪಟ್ಟಣದ ನದೀತೀರದ ಮೆಕ್ಕಲುಮಣ್ಣಿನಲ್ಲಿ ಫೈಕಸ್ ಕುಲ ಅತ್ಯಂತ ವೇಗವಾಗಿ ಬೆಳೆಯುವುದು. ಗಂಜಾಮಿನ ಹೆಸರುವಾಸಿಯಾದ ಅಂಜೂರವೂ ಅದೇ ಕುಲದ್ದೆಂಬುದನ್ನೂ, ಕಡ್ಡಿ ಊರಿದರೆ ಬರುವುದೆಂಬುದನ್ನೂ ನೆನೆಯಬಹುದು, ಅದರ ಎಲೆ ಕುಬ್ಜವೃಕ್ಷಕ್ಕೆ ದೊಡ್ಡದಾಯಿತೆಂಬುದು ಬೇರೆಯ ಮಾತು. ಪಾಂಡವಪುರದಲ್ಲಿ ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಗದ್ದೆಬಯಲಿನ ಅಂಟುಮಣ್ಣು ಬೇರಿಗೆ ಉಸಿರುಗಟ್ಟಿಸುವುದರಿಂದ, ದಿಬ್ಬದ ಕೆಂಪು ಮಣ್ಣನ್ನೇ ಆರಿಸಬೇಕು. ಕೃಷ್ಣರಾಜಪೇಟೆಯ ಕಡೆ ತೆಂಗಿನ ತೋಟಗಳ ಅಂಚಿನ ಬಿಸಿಲಿನಲ್ಲಿ ಕಾಗದದ ಹೂವೂ ಸೀಮೆಹುಣಸೆಯೂ ಸೊಗಸಾಗಿ ಬರುವುವು. ನಾಗಮಂಗಲದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರಿನಷ್ಟು ಮಳೆಯನ್ನೇ ನಂಬಿದ ನೆಲದಲ್ಲಿ ಬೆಳವಣಿಗೆ ನಿಧಾನ. ಆದರೆ ನಿಧಾನವಾಗಿ ಬೆಳೆದ ಹುಣಸೆಯ ತೊಗಟೆಗೆ ಬರುವ ಬಿರುಕು, ನೀರು ಕುಡಿದು ಕೊಬ್ಬಿದ ಹುಣಸೆಗೆ ಆ ವಯಸ್ಸಿನಲ್ಲಿ ಬಾರದು. ನನ್ನನ್ನು ಕೇಳಿದರೆ ಈ ನಾಲ್ಕರಲ್ಲಿಯೂ ಅತ್ಯುತ್ತಮವಾದ ಕುಬ್ಜವೃಕ್ಷಗಳು ಮುಂದೊಂದು ದಿನ ನಾಗಮಂಗಲದಿಂದಲೇ ಬರಬೇಕು. ಕುಂಡಕ್ಕೆ ತರುವಾಗ ಬೇಕಾದ ಮಣ್ಣಿನ ವಿಷಯದಲ್ಲಿಯೂ ಕೊರತೆಯಿಲ್ಲ: ಇಟ್ಟಿಗೆ ಗೂಡುಗಳ ಬಳಿ ಬಿದ್ದಿರುವ ಒಡಕುಗಳನ್ನು ಕುಟ್ಟಿ, ಜರಡಿಯಾಡಿ, ಧೂಳನ್ನು ತೆಗೆದ ಚೂರು ಎರಡು ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ.

ವಯಸ್ಸಾದವರು ಎಳೆಯ ಸಸಿಯನ್ನು ನೆಡುವುದು ವ್ಯರ್ಥವೆಂದು ಹೇಳುವವರಿದ್ದಾರೆ. ಆದರೆ ಒಂಟಿ ಮರದ ಬದಲು ವನವನ್ನು ಕಟ್ಟುವ ಬಗೆಯೂ ಉಂಟು. ಅಮೆರಿಕದಲ್ಲಿ ನೆಲೆಸಿದ್ದ ಜಾನ್ ನಾಕಾ ಎಂಬ ಕಲಾವಿದ 1948ರಲ್ಲಿ ಎರಡು ಜುನಿಪರ್ ಗಿಡಗಳನ್ನು ಪಳಗಿಸತೊಡಗಿ, ಆಮೇಲೆ ಅವಕ್ಕೆ ಇನ್ನಷ್ಟು ಗಿಡಗಳನ್ನು ಸೇರಿಸಿ, ಒಂದೊಂದು ಮರವೂ ಒಬ್ಬೊಬ್ಬ ಮೊಮ್ಮಗುವಿನ ಪ್ರತೀಕವೆಂಬಂತೆ 11 ಮರಗಳ ಒಂದು ಪುಟ್ಟ ವನವನ್ನು ಕಟ್ಟಿದನು. 'ಗೋಶಿನ್' ಎಂಬ ಆ ವನ 1984ರಲ್ಲಿ ರಾಷ್ಟ್ರದ ಸೊತ್ತಾಯಿತು. ಒಂಟಿ ಮರಕ್ಕೆ ದಪ್ಪ ಬುಡ ಬೇಕು, ವನಕ್ಕೆ ಬೇಡ. ತೆಳುವಾದ ಎಳೆಯ ಕಾಂಡಗಳನ್ನೇ ಏಳೋ ಒಂಬತ್ತೋ ಹೆಚ್ಚುಕಡಮೆ ಎತ್ತರದವನ್ನು ಆರಿಸಿ ಒಂದು ಅಗಲವಾದ ಹಾಸುಗಲ್ಲಿನ ಮೇಲೆ ತೋಪಿನಂತೆ ನೆಟ್ಟರೆ, ಎರಡು ಮೂರು ವರ್ಷದಲ್ಲಿಯೇ ನೋಡತಕ್ಕ ರೂಪ ಬರುವುದು. ಗುಂಡುತೋಪುಗಳ ನಾಡಿನವರಾದ ನಮಗೆ ಆ ರೂಪವನ್ನು ಯಾರೂ ಕಲಿಸಬೇಕಾಗಿಲ್ಲ. ಅರವತ್ತು ದಾಟಿದವರು ಎಳೆಯ ಸಸಿಯಿಂದ ಪ್ರಾರಂಭಿಸುವುದಾದರೆ ಈ ಬಗೆಯೇ ಮೇಲು.

ನಮ್ಮಲ್ಲಿ ಇನ್ನೂ ಇಲ್ಲದಿರುವುದು, ಹೀಗೆ ನೆಲದಲ್ಲಿ ಐದಾರು ವರ್ಷ ಬಲಿತ, ಬೇರು ತಿದ್ದಿದ, ಇನ್ನೂ ಕುಂಡವನ್ನು ಕಾಣದ ಮರಗಳನ್ನು ಮಾರುವವರು. ಎಳೆಯದಕ್ಕೂ ಸಿದ್ಧವಾದುದಕ್ಕೂ ನಡುವಣ ಆ ಸರಕು ದೊರೆತರೆ ಬೆಂಗಳೂರಿನ ಮಾಳಿಗೆಯವನೂ ಕೊಂಬೆ ಕಟ್ಟುವ ಕೆಲಸವನ್ನು ತಾನೇ ಮಾಡಿ ಕಲಿಯಬಲ್ಲನು, ಇಲ್ಲಿಯ ರೈತನಿಗೂ ಕಬ್ಬಿನ ಬದುವಿನ ಅಡಿಯಗಲದ ಪಟ್ಟಿಯಿಂದ ಒಂದು ಆದಾಯವಾದೀತು. ಹೆದ್ದಾರಿಯ ನರ್ಸರಿಯವರು ಚೀಲದ ಗಿಡಗಳ ಹಿಂದೆ ಹತ್ತು ಕುಂಟೆ ನೆಲವನ್ನು ಇದಕ್ಕಾಗಿ ಬಿಡಬೇಕು. ತೋಟಗಾರಿಕೆ ಇಲಾಖೆಯವರು ತಮ್ಮ ಕ್ಷೇತ್ರಗಳಲ್ಲಿ ಹುಣಸೆ, ಬಸರಿ, ಸೀಮೆಹುಣಸೆಗಳ ಒಂದೊಂದು ಸಾಲನ್ನು ಹೆಂಚಿನ ಮೇಲೆ ಬೇರು ಬಿಡಿಸಿ ನೆಟ್ಟು ರೈತರಿಗೆ ತೋರಿಸಬೇಕು. ಹುಣಸೆಹಣ್ಣು ಬಿಡಿಸುವ ಬೇಸಗೆಯಲ್ಲಿ ಬೀಜಕ್ಕೆ ಬರವಿಲ್ಲ. ಒಂದು ರಾತ್ರಿ ನೆನೆಯಿಟ್ಟು ಯುಗಾದಿಯ ಆಸುಪಾಸಿನಲ್ಲಿ ಬಿತ್ತಿದರೆ, ಮುಂಗಾರು ಹಿಡಿಯುವಷ್ಟರಲ್ಲಿ ಸಸಿ ತಾಯಿಬೇರು ಕತ್ತರಿಸಿ ನೆಡುವ ಹದಕ್ಕೆ ಬಂದಿರುತ್ತದೆ.